ಡಫಿ: ಚಳಿಜ್ವರ ತೋರಿಸಿಕೊಟ್ಟ ಗ್ರಾಹಿ

1945–46ರಲ್ಲಿ ಮುಂಬೈ ಪ್ರಾಂತ್ಯದ ಮಲೇರಿಯಾ ವಿಭಾಗದವರು ಪಂಪು ಹಿಡಿದು ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳನ್ನು ಹೊಕ್ಕರು. ಯುದ್ಧಕಾಲದಲ್ಲಿ ಸೈನ್ಯಕ್ಕೆಂದು ಬಳಕೆಗೆ ಬಂದಿದ್ದ ಡಿಡಿಟಿ ಎಂಬ ಹೊಸ ಮದ್ದನ್ನು ಮನೆಗಳ ಒಳಗೋಡೆಗೆ, ದನದ ಕೊಟ್ಟಿಗೆಗೆ ಹೊಡೆದರು. ಈ ಕೆಲಸದ ಮುಂದಾಳು ಡಿ.ಕೆ. ವಿಶ್ವನಾಥನ್, ಜೊತೆಗೆ ಕೀಟತಜ್ಞ ಟಿ. ರಾಮಚಂದ್ರ ರಾವ್. ರಕ್ತ ಹೀರಿದ ಸೊಳ್ಳೆ ಅದನ್ನು ಅರಗಿಸಿಕೊಳ್ಳಲು ಗೋಡೆಗೆ ಹೋಗಿ ಕೂಡುತ್ತದೆ, ಕೂತಲ್ಲೇ ಸಾಯಬೇಕು ಎನ್ನುವುದು ಅವರ ಲೆಕ್ಕ. ಲೆಕ್ಕ ತಪ್ಪಲಿಲ್ಲ. ಘಟ್ಟದ ಮೇಲಿನ ಹಳಿಯಾಳ, ಸೂಪಾ, ಯಲ್ಲಾಪುರದ ಕಡೆ ಜ್ವರಕ್ಕೆ ಅಂಜಿ ಜನ ಊರು ಬಿಟ್ಟು ಹೋಗುತ್ತಿದ್ದ ಕಾಲವದು. ಗುಲ್ಮ ಊದಿ ಹೊಟ್ಟೆ ಉಬ್ಬಿದ ಮಕ್ಕಳು ಮನೆಮನೆಯಲ್ಲೂ ಇದ್ದರು. ಅಲ್ಲಿ ಮೂಡಿದ ಭರವಸೆಯೇ ಮುಂದೆ ದೇಶವ್ಯಾಪಿ ಯೋಜನೆಗೆ ಬುನಾದಿಯಾಯಿತು.

ನಮ್ಮ ಕೃಷ್ಣೆ-ಘಟಪ್ರಭೆಯ ಸೀಮೆ ಆಗ ಚೂರುಚೂರಾಗಿತ್ತು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗ್ಲಿಗೆ ಸೇರಿದ್ದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿ.  1948ರಲ್ಲಿ ಸಂಸ್ಥಾನಗಳು ವಿಲೀನವಾದವು, ದೇಶಕ್ಕೆಲ್ಲ ಒಂದೇ ಯೋಜನೆ ಬಂದದ್ದು ಆ ನಂತರ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, 1958ರಲ್ಲಿ ‘ನಿಯಂತ್ರಣ’ ಹೋಗಿ ‘ನಿರ್ಮೂಲನೆ’ ಬಂತು. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು ಎಂಬ ಅಂದಾಜಿತ್ತು. 1961ರಲ್ಲಿ ದಾಖಲಾದ ಪ್ರಕರಣಗಳು ಸುಮಾರು 50 ಸಾವಿರ. ಇನ್ನೇನು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಸೊಳ್ಳೆ ಡಿಡಿಟಿಗೆ ಒಗ್ಗಿತು, ನಿಗಾ ಸಡಿಲವಾಯಿತು. 1976ರಲ್ಲಿ ಲೆಕ್ಕ 64.7 ಲಕ್ಷಕ್ಕೆ ಏರಿತು.

ಜ್ವರವನ್ನು ಸೊಳ್ಳೆಯ ಕಡೆಯಿಂದ ಹಿಡಿಯಲು ಹೋದವರ ಈ ಕಥೆ ಬಹಳ ಸಲ ಹೇಳಿದ್ದು. ರಕ್ತದ ಕಡೆಯಿಂದ ಹಿಡಿದವರ ಕಥೆ ಕನ್ನಡದಲ್ಲಿ ಅಷ್ಟಾಗಿ ಬಂದಿಲ್ಲ. ಅದು ಕೊನೆಗೆ ಮುಟ್ಟಿದ್ದು ಮಲೇರಿಯಾಕ್ಕೆ ಸಂಬಂಧವೇ ಇಲ್ಲವೆನಿಸುವ ಜಾಗವನ್ನು: ನಮ್ಮ ರೋಗನಿರೋಧಕ ವ್ಯವಸ್ಥೆಯೊಳಗೆ ಯಾರ ಗಮನಕ್ಕೂ ಬಾರದೆ ಕೆಲಸ ಮಾಡುತ್ತಿದ್ದ ಒಂದು ಗ್ರಾಹಿ (ರಿಸೆಪ್ಟರ್) ಕುಟುಂಬವನ್ನು.

ಮಲೇರಿಯಾ ತರುವ ಪರೋಪಜೀವಿಗಳಲ್ಲಿ ನಮಗೆ ಮುಖ್ಯವಾದವು ಎರಡು. ಫಾಲ್ಸಿಪೇರಮ್ ಮಿದುಳಿಗೆ ಏರಿ ಕೊಲ್ಲುವಂಥದ್ದು. ವೈವ್ಯಾಕ್ಸ್ ದಿನ ಬಿಟ್ಟು ದಿನ ನಡುಗಿಸಿ, ಯಕೃತ್ತಿನಲ್ಲಿ ಅಡಗಿ ಕೂತು, ತಿಂಗಳುಗಳ ಮೇಲೆ ಮತ್ತೆ ಎದ್ದು ಬರುವಂಥದ್ದು. ಅದಕ್ಕಾಗಿಯೇ ವೈವ್ಯಾಕ್ಸ್ ಎಂದು ಗೊತ್ತಾದವರಿಗೆ 14 ದಿನ ಪ್ರೈಮಾಕ್ವಿನ್ ಕೊಡುವುದು.  ಈ ಕಥೆಯ ಕೇಂದ್ರದಲ್ಲಿರುವುದು ಈ ಎರಡನೆಯದೇ.

1950ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು. ಬರೆದವರು ಲಂಡನ್ನಿನ ಮೇರಿ ಕಟ್‌ಬುಶ್, ಪ್ಯಾಟ್ರಿಕ್ ಮಾಲಿಸನ್ ಮತ್ತು ಡೊರತಿ ಪಾರ್ಕಿನ್. ಕುಸುಮರೋಗ, ಅಂದರೆ ಹಿಮೋಫಿಲಿಯಾ ಇದ್ದ ಡಫಿ ಎಂಬುವರಿಗೆ ಹಲವು ಸಲ ರಕ್ತ ಕೊಟ್ಟಿದ್ದರು. ಅವರ ರಕ್ತದಲ್ಲಿ ಅದುವರೆಗೆ ಯಾರೂ ಕಾಣದ ಪ್ರತಿಕಾಯ ಹುಟ್ಟಿಕೊಂಡಿತ್ತು. ಅಂದಮೇಲೆ ದಾನಿಗಳ ಕೆಂಪುಕಣದ ಮೇಲೆ ಡಫಿಯವರಲ್ಲಿ ಇಲ್ಲದ ಯಾವುದೋ ಗುರುತು ಇರಲೇಬೇಕು. ಹೊಸ ರಕ್ತಗುಂಪಿಗೆ ರೋಗಿಯ ಹೆಸರಿಡುವುದು ಆಗಿನ ರೂಢಿ, ಹೀಗೆ ಡಫಿ ಗುಂಪು ಹುಟ್ಟಿತು. ಮರುವರ್ಷ ಅದರ ಜೊತೆಗಾರ ಗುರುತೂ ಸಿಕ್ಕಿತು. ಒಂದಕ್ಕೆ ಎಫ್‌ವೈ-ಎ, ಇನ್ನೊಂದಕ್ಕೆ ಎಫ್‌ವೈ-ಬಿ ಎಂದರು. ಯುರೋಪಿನ ಜನರಲ್ಲಿ ಒಂದಾದರೂ ಇರುತ್ತಿತ್ತು, ಹಲವರಲ್ಲಿ ಎರಡೂ.

ಕಟ್‌ಬುಶ್ ಅವರ ಹೆಸರು ನಮ್ಮ ದಕ್ಷಿಣದ ಚರಿತ್ರೆಯಲ್ಲೂ ಇದೆ. 1952ರಲ್ಲಿ ಹರ್ಮನ್ ಲೇಮನ್ ಜೊತೆ ಅವರು ಪ್ರಕಟಿಸಿದ ಪ್ರಬಂಧವೇ ನೀಲಗಿರಿಯ ಗುಡ್ಡಗಾಡು ಜನರಲ್ಲಿ ಕುಡಗೋಲು ಕಣದ (ಸಿಕಲ್ ಸೆಲ್) ಗುಣವಿದೆ ಎಂದು ಮೊದಲ ಬಾರಿಗೆ ಜಗತ್ತಿಗೆ ತಿಳಿಸಿದ್ದು. ಮಲೇರಿಯಾ ಇದ್ದ ನಾಡುಗಳಲ್ಲಿ ಮಾತ್ರ ಇಂಥ ರಕ್ತದೋಷಗಳು ಯಾಕೆ ಹೆಚ್ಚು ಎಂಬ ಪ್ರಶ್ನೆಯನ್ನು ಜೆ.ಬಿ.ಎಸ್. ಹಾಲ್ಡೇನ್ 1949ರಲ್ಲೇ ಎತ್ತಿದ್ದರು. ಮುಂದೆ ಹಾಲ್ಡೇನ್ ಭಾರತಕ್ಕೇ ಬಂದು ನೆಲೆಸಿ ಇಲ್ಲೇ ತೀರಿಕೊಂಡರು. ದೋಷವೆಂದು ಕಾಣುವುದು ಜ್ವರದ ಊರಿನಲ್ಲಿ ಕವಚವಾಗಿರಬಹುದು ಎನ್ನುವುದು ಅವರ ವಾದದ ತಿರುಳು. ಡಫಿ ಗುಂಪಿಗೂ ಈ ವಾದ ಹೊಂದುತ್ತದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಹೊಳೆಯಬಹುದಾದ ಸಾಕ್ಷಿ 1955ರಲ್ಲೇ ಕೈಗೆ ಬಂದಿತ್ತು. ರೂತ್ ಸ್ಯಾಂಗರ್, ರಾಬರ್ಟ್ ರೇಸ್ ಮತ್ತು ಜ್ಯಾಕ್ ನ್ಯೂಯಾರ್ಕಿನ ಆಫ್ರಿಕಾ ಮೂಲದ ಅಮೆರಿಕನ್ನರ ರಕ್ತ ನೋಡಿದಾಗ ಬಹುಪಾಲು ಜನರಲ್ಲಿ ಎ-ಯೂ ಇಲ್ಲ, ಬಿ-ಯೂ ಇಲ್ಲ. ಪಶ್ಚಿಮ ಆಫ್ರಿಕಾದಲ್ಲಂತೂ ಹೆಚ್ಚುಕಡಿಮೆ ಎಲ್ಲರೂ ಹೀಗೆಯೇ. ಇದಕ್ಕೆ ‘ಡಫಿ ಶೂನ್ಯ’ ಎನ್ನೋಣ. ಮತ್ತೊಂದು ಸಾಕ್ಷಿ ಇನ್ನೂ ಹಳೆಯದು, ಸ್ವಲ್ಪ ಅಹಿತಕರವೂ ಹೌದು. ವಿಯೆನ್ನಾದ ಯೂಲಿಯಸ್ ವಾಗ್ನರ್-ಯೌರೆಗ್ 1917ರಲ್ಲಿ ಮಿದುಳಿಗೇರಿದ ಸಿಫಿಲಿಸ್ ರೋಗಿಗಳಿಗೆ ಬೇಕೆಂದೇ ಮಲೇರಿಯಾ ಹತ್ತಿಸಿ, ಆ ಜ್ವರದ ತಾಪದಿಂದ ಸಿಫಿಲಿಸ್ ತಗ್ಗಿಸುವ ವಿಧಾನ ತಂದಿದ್ದರು. 1927ರ ನೊಬೆಲ್ ಅವರಿಗೆ ಸಿಕ್ಕಿದ್ದು ಇದಕ್ಕೇ. ಅಮೆರಿಕದಲ್ಲಿ ಇದೇ ಚಿಕಿತ್ಸೆ ಮಾಡುತ್ತಿದ್ದ ಮಾರ್ಕ್ ಬಾಯ್ಡ್ ಮತ್ತು ಸ್ಟ್ರಾಟ್‌ಮನ್-ಥಾಮಸ್ 1933ರಲ್ಲಿ ಬರೆದರು: ಕಪ್ಪು ಜನರಿಗೆ ವೈವ್ಯಾಕ್ಸ್ ಹತ್ತಿಸಲು ಹೋದರೆ ಹತ್ತುವುದೇ ಇಲ್ಲ. ಆ ರೋಗಿಗಳನ್ನು ಯಾರು ಕೇಳಿದ್ದರು, ಅವರು ಒಪ್ಪಿದ್ದರೇ ಎಂಬುದು ಆಗಿನ ವೈದ್ಯಕೀಯಕ್ಕೆ ಪ್ರಶ್ನೆಯಾಗಿ ಕಂಡಿರಲಿಲ್ಲ. ಇಂದಿನ ಓದುಗನಿಗೆ ಕಾಣಲೇಬೇಕು.

ರಕ್ತನಿಧಿಯವರ ಟಿಪ್ಪಣಿ ಒಂದು ಕಪಾಟಿನಲ್ಲಿ, ಮಲೇರಿಯಾದವರದು ಇನ್ನೊಂದು ಕಪಾಟಿನಲ್ಲಿ ಇಪ್ಪತ್ತು ವರ್ಷ ಉಳಿದವು. ನಡುವೆ ಡಫಿ ಇನ್ನೊಂದು ಕಾರಣಕ್ಕೆ ಹೆಸರು ಮಾಡಿತು. 1968ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವಿದ್ಯಾರ್ಥಿ ರೋಜರ್ ಡೊನಹ್ಯೂ ತನ್ನದೇ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ಒಂದನೆಯ ವರ್ಣತಂತು ವಿಚಿತ್ರವಾಗಿ ಬಿಚ್ಚಿಕೊಂಡಿರುವುದನ್ನು ಕಂಡ. ತನ್ನ ಬಂಧುಗಳ ರಕ್ತವನ್ನೂ ತಂದು ಹೋಲಿಸಿದಾಗ ಆ ವಿಚಿತ್ರ ಗುಣ ಡಫಿ ಗುಂಪಿನ ಜೊತೆಯಲ್ಲೇ ತಲೆಮಾರಿನಿಂದ ತಲೆಮಾರಿಗೆ ಸಾಗಿತ್ತು. ಲಿಂಗ ವರ್ಣತಂತುಗಳನ್ನು ಬಿಟ್ಟರೆ ಮನುಷ್ಯನ ಇಂಥ ಜೀನು ಇಂಥ ವರ್ಣತಂತುವಿನಲ್ಲಿದೆ ಎಂದು ಬೆರಳಿಟ್ಟು ತೋರಿಸಿದ್ದು ಅದೇ ಮೊದಲು.

ಎರಡು ಕಪಾಟುಗಳನ್ನು ಒಟ್ಟಿಗೆ ತೆರೆದವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಲೂಯಿ ಮಿಲ್ಲರ್. ವೈವ್ಯಾಕ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಆಗಲೂ ಕಷ್ಟ, ಈಗಲೂ ಕಷ್ಟ. ಅದರ ಬದಲಿಗೆ ಅವರು ನೋಲೆಸಿ ಎಂಬ ಮಂಗನ ಮಲೇರಿಯಾ ಬಳಸಿದರು. ಆ ನೋಲೆಸಿ ಪರೋಪಜೀವಿಯ ಜಾಡು ಹಿಡಿದರೆ ಮತ್ತೆ ಭಾರತಕ್ಕೇ ಬರುತ್ತೇವೆ. 1930ರ ದಶಕದ ಆರಂಭದಲ್ಲಿ ಅದನ್ನು ಕಂಡದ್ದು ಕಲ್ಕತ್ತದ ಉಷ್ಣವಲಯ ವೈದ್ಯಶಾಲೆಯಲ್ಲಿ, ಅದು ಮನುಷ್ಯನಿಗೂ ಹತ್ತುತ್ತದೆಂದು ತೋರಿಸಿದವರು ರಾಬರ್ಟ್ ನೋಲ್ಸ್ ಮತ್ತು ದಾಸ್ ಗುಪ್ತ. ಹೆಸರು ಬಂದದ್ದೂ ನೋಲ್ಸ್ ಅವರಿಂದಲೇ. ಮಿಲ್ಲರ್ ತಂಡ ಈ ಪರೋಪಜೀವಿಯನ್ನು ಬಗೆಬಗೆಯ ಮಾನವ ರಕ್ತದೊಂದಿಗೆ ಬೆರೆಸಿ ನೋಡಿತು. ಡಫಿ ಇದ್ದ ಕಣಕ್ಕೆ ಅದು ನುಗ್ಗಿತು, ಡಫಿ ಶೂನ್ಯ ಕಣದ ಹೊರಗೇ ನಿಂತಿತು. 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಬಂತು. ಮರುವರ್ಷ, ಹಿಂದೆ ವೈವ್ಯಾಕ್ಸ್ ಸೊಳ್ಳೆಗಳಿಂದ ಕಚ್ಚಿಸಿಕೊಂಡಿದ್ದ ಸ್ವಯಂಸೇವಕರ ರಕ್ತಗುಂಪು ಪರೀಕ್ಷಿಸಿದಾಗ, ಜ್ವರ ಬಾರದೆ ಉಳಿದವರು ಡಫಿ ಶೂನ್ಯದ ಐವರೇ. ಪಶ್ಚಿಮ ಆಫ್ರಿಕಾದಲ್ಲಿ ವೈವ್ಯಾಕ್ಸ್ ಇಲ್ಲದಿರುವುದಕ್ಕೆ ಉತ್ತರ ಸಿಕ್ಕಿತ್ತು.

ಆದರೆ ಅರ್ಧ ಉತ್ತರ. ಪರೋಪಜೀವಿ ಒಳನುಗ್ಗಲಿ ಎಂದು ಯಾವ ದೇಹವೂ ಬಾಗಿಲು ಇಟ್ಟುಕೊಳ್ಳುವುದಿಲ್ಲ. ಡಫಿಯ ಸ್ವಂತ ಕೆಲಸವೇನು? ಕೋಟ್ಯಂತರ ಜನ ಅದಿಲ್ಲದೆ ಆರೋಗ್ಯವಾಗಿದ್ದಾರಲ್ಲ? ಇದಕ್ಕೆ ಇನ್ನೂ 18 ವರ್ಷ ಬೇಕಾಯಿತು. ಬಂದದ್ದೂ ಮಲೇರಿಯಾದವರಿಂದಲ್ಲ.

1987ರ ಸುಮಾರಿಗೆ ರೋಗನಿರೋಧ ವಿಜ್ಞಾನಿಗಳು ಒಂದು ಪುಟ್ಟ ಪ್ರೋಟೀನನ್ನು ಬೇರ್ಪಡಿಸಿದರು. ಗಾಯವಾದಲ್ಲಿ, ಸೋಂಕಾದಲ್ಲಿ ಕೋಶಗಳು ಅದನ್ನು ಸುರಿಸುತ್ತವೆ, ಬಿಳಿಕಣಗಳು ಅದರ ಜಾಡು ಹಿಡಿದು ಓಡಿ ಬರುತ್ತವೆ. ಇಂಟರ್ಲ್ಯೂಕಿನ್-8 ಎಂದು ಹೆಸರಾದ ಅದು ಕೀಮೊಕೈನ್ ಎಂಬ ದೊಡ್ಡ ಬಳಗದ ಒಂದು ಸದಸ್ಯ. ಮನುಷ್ಯನಲ್ಲಿ ಇಂಥವು ಸುಮಾರು ಐವತ್ತಿವೆ. ಇಲ್ಲಿ ಸೂಕ್ಷ್ಮವೊಂದಿದೆ. ಮುಧೋಳದ ಕಡೆ ಹೊಸಬೆಲ್ಲದ ವಾಸನೆ ಹಿಡಿದು ಗಾಣದ ಮನೆ ಹುಡುಕಿಕೊಂಡು ಹೋಗಬಹುದು, ಯಾಕೆಂದರೆ ಹತ್ತಿರವಾದಂತೆ ವಾಸನೆ ಏರುತ್ತದೆ. ಊರಿಗೆ ಊರೇ ಒಂದೇ ಸಮ ನಾರಿದರೆ ದಾರಿ ತಿಳಿಯದು. ಬಿಳಿಕಣಗಳ ಪಾಡೂ ಇದೇ. ಕೀಮೊಕೈನ್ ಇದ್ದರೆ ಸಾಲದು, ಒಂದು ಕಡೆ ಹೆಚ್ಚು ಮತ್ತೊಂದು ಕಡೆ ಕಡಿಮೆ ಇರಬೇಕು. ಎಲ್ಲೆಡೆ ತುಂಬಿಕೊಂಡರೆ ಬಿಳಿಕಣಗಳು ದಿಕ್ಕುತಪ್ಪುತ್ತವೆ, ಉರಿಯೂತ ಆರುವುದಿಲ್ಲ.

ಹಾಗಾದರೆ ಹೆಚ್ಚಾದುದನ್ನು ತೆಗೆಯುವವರು ಯಾರು? 1991ರಲ್ಲಿ ಕ್ಯಾಲಿಫೋರ್ನಿಯಾದ ಜೆನೆಂಟೆಕ್ ಕಂಪನಿಯ ಡಾರ್ಬೊನ್ ಮತ್ತು ಸಂಗಡಿಗರು ಒಂದು ವಿಚಿತ್ರ ಗಮನಿಸಿದರು. ರಕ್ತಕ್ಕೆ ಇಂಟರ್ಲ್ಯೂಕಿನ್-8 ಬೆರೆಸಿದರೆ ಅದರ ಬಹುಪಾಲು ಕೆಂಪುಕಣಗಳಿಗೆ ಅಂಟಿಕೊಂಡು, ಬಿಳಿಕಣಗಳಿಗೆ ಸಿಗದಂತಾಗುತ್ತದೆ. ಕೆಂಪುಕಣಕ್ಕೆ ಆಮ್ಲಜನಕ ಹೊರುವುದು ಬಿಟ್ಟು ಬೇರೆ ಕಸುಬಿಲ್ಲ ಎಂದು ಪಾಠಪುಸ್ತಕ ಹೇಳುತ್ತಿದ್ದ ಕಾಲ. ಅದೇ ಕಂಪನಿಯ ರಿಚರ್ಡ್ ಹೋರುಕ್ ಈ ಅಂಟು ಯಾವುದೆಂದು ಹುಡುಕುತ್ತಾ ಹೋದಾಗ, ಕೆಲವರ ಕೆಂಪುಕಣ ಅದನ್ನು ಹಿಡಿಯುತ್ತದೆ, ಕೆಲವರದು ಹಿಡಿಯುವುದೇ ಇಲ್ಲ. ಹಿಡಿಯದವರು ಆಫ್ರಿಕಾ ಮೂಲದವರು. ಅಲ್ಲಿಗೆ ಗಂಟು ಬಿಚ್ಚಿತು. ಹೋರುಕ್ ಮತ್ತು ಮಿಲ್ಲರ್ ತಂಡಗಳು ಸೇರಿ 1993ರಲ್ಲಿ ‘ಸೈನ್ಸ್’ನಲ್ಲಿ ಸಾರಿದವು: ಕೆಂಪುಕಣದ ಕೀಮೊಕೈನ್ ಗ್ರಾಹಿ, ವೈವ್ಯಾಕ್ಸ್‌ನ ಬಾಗಿಲು, ಡಫಿ ರಕ್ತಗುಂಪು ಮೂರೂ ಒಂದೇ. ಕೀಮೊಕೈನ್ ಸುರಿದರೆ ಮಂಗನ ಮಲೇರಿಯಾ ಕಣದೊಳಗೆ ಹೋಗಲಾರದು ಎಂದೂ ತೋರಿಸಿದರು, ಬಾಗಿಲಿಗೆ ಅದೇ ಅಡ್ಡ ಬರುತ್ತದೆ. ಅದೇ ವರ್ಷ ನ್ಯೂಯಾರ್ಕ್ ರಕ್ತಕೇಂದ್ರದ ಚೌಧುರಿ, ಪೋಗೊ ಮತ್ತು ಜೊತೆಗಾರರು ಡಫಿಯ ಜೀನನ್ನೇ ಬೇರ್ಪಡಿಸಿ ಓದಿದರು.

ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುವು ಇದೇ, ಮತ್ತು ಇದರ ಬೆಲೆ ವಿಜ್ಞಾನಿಗಳಿಗೆ ತಕ್ಷಣ ತಿಳಿಯಲಿಲ್ಲ. ಮಾಮೂಲು ಗ್ರಾಹಿ ಕೋಶದ ಪೊರೆಯನ್ನು ಏಳು ಸಲ ಹಾಯ್ದಿರುತ್ತದೆ. ಹೊರಗೆ ಕೀಮೊಕೈನ್ ಕೂತಾಗ ಒಳಗಿನ ‘ಜಿ-ಪ್ರೋಟೀನ್’ಗೆ ಸುದ್ದಿ ಮುಟ್ಟಿಸಿ ಕೋಶವನ್ನು ನಡೆಸುತ್ತದೆ. ಆ ಸುದ್ದಿಗೆ ಬೇಕಾದ ಅಮೈನೋ ಆಮ್ಲಗಳ ಒಂದು ಪುಟ್ಟ ಸಾಲು ಡಫಿಯಲ್ಲಿ ಇಲ್ಲ. ಕೀಮೊಕೈನ್ ಬಂದು ಕೂಡುತ್ತದೆ, ಒಳಗೆ ಏನೂ ಆಗುವುದಿಲ್ಲ. ಪ್ರಯೋಗಾಲಯದಲ್ಲಿ ಅಳೆಯುತ್ತಿದ್ದುದು ಆ ಒಳಗಿನ ಸುದ್ದಿಯನ್ನೇ. ಸುದ್ದಿ ಇಲ್ಲದ ಗ್ರಾಹಿಗೆ ‘ಮೂಕ’ ಎಂಬ ಹೆಸರು ಬಿತ್ತು. ಔಷಧ ಕಂಪನಿಗಳಿಗೆ ಮೂಕ ಗ್ರಾಹಿಯಲ್ಲಿ ಆಸಕ್ತಿ ಇರುವುದಾದರೂ ಹೇಗೆ? ಅಳತೆಯ ಕೋಲು ಯಾವುದನ್ನು ಮುಟ್ಟುವುದಿಲ್ಲವೋ ಅದು ಇಲ್ಲವೆಂದೇ ತಿಳಿಯುವ ಚಾಳಿ ವಿಜ್ಞಾನಕ್ಕೂ ಇದೆ. ಚಳಿಜ್ವರ ಬೆರಳು ತೋರಿಸದಿದ್ದರೆ ಡಫಿ ರಕ್ತನಿಧಿಯ ರಿಜಿಸ್ಟರಿನಲ್ಲೇ ಉಳಿಯುತ್ತಿತ್ತೋ ಏನೋ.

1995ರಲ್ಲಿ ಪ್ಯಾರಿಸ್ಸಿನ ಟೂರ್ನಾಮೀಲ್ ಮತ್ತು ಸಂಗಡಿಗರು ಡಫಿ ಶೂನ್ಯದ ಗುಟ್ಟನ್ನು ಹೊರತೆಗೆದರು. ಜೀನಿನಲ್ಲಿ ತಪ್ಪಿಲ್ಲ. ಅದರ ಮುಂದಿನ ಸ್ವಿಚ್ಚಿನಲ್ಲಿ ಒಂದೇ ಅಕ್ಷರ, ಟಿ ಇದ್ದಲ್ಲಿ ಸಿ. ಕೆಂಪುಕಣ ತಯಾರಾಗುವಾಗ ಜೀನನ್ನು ಹೊತ್ತಿಸುವ ‘ಗಾಟಾ-1’ ಎಂಬ ಪ್ರೋಟೀನಿಗೆ ಆ ಅಕ್ಷರ ಬದಲಾದರೆ ಹಿಡಿತ ಸಿಗದು. ಹಾಗಾಗಿ ಡಫಿ ಕೆಂಪುಕಣದಲ್ಲಿ ಮಾತ್ರ ಇಲ್ಲವಾಗುತ್ತದೆ, ಸಣ್ಣ ಸಿರೆಗಳ ಒಳಪೊರೆಯಲ್ಲಿ ಇದ್ದೇ ಇರುತ್ತದೆ. ಸಿರೆಯಲ್ಲಿ ಅದಕ್ಕೆ ಇನ್ನೊಂದು ಕೆಲಸವಿದೆ ಎಂದು 2009ರಲ್ಲಿ ಗೊತ್ತಾಯಿತು: ಗಾಯದ ಕಡೆಯ ಕೀಮೊಕೈನನ್ನು ಹಿಡಿದು ಸಿರೆಯ ಗೋಡೆ ದಾಟಿಸಿ ರಕ್ತದ ಕಡೆಗೆ ತರುವುದು, ಅಲ್ಲಿ ಹರಿದುಹೋಗುವ ಬಿಳಿಕಣಗಳಿಗೆ ಇಳಿಯುವ ಜಾಗ ತೋರಿಸುವುದು. ಕೆಂಪುಕಣದಲ್ಲಿ ಹೀರಿಟ್ಟುಕೊಳ್ಳುತ್ತದೆ, ಸಿರೆಯಲ್ಲಿ ಸಾಗಿಸುತ್ತದೆ. ಮೂಕನಿಗೆ ಎರಡು ಕಸುಬು.

ಒಂದು ಸಿಕ್ಕ ಮೇಲೆ ಬಳಗ ಬೆಳೆಯಿತು. 1997ರಲ್ಲಿ ಗ್ಲಾಸ್ಗೋದ ರಾಬ್ ನಿಬ್ಸ್ ಮತ್ತು ಜೆರಾರ್ಡ್ ಗ್ರಹಾಂ ಬಳಗ ಡಿ6 ಎಂಬ ಗ್ರಾಹಿಯನ್ನು ವಿವರಿಸಿತು. ಅದು ಉರಿಯೂತದ ಕೀಮೊಕೈನ್‌ಗಳನ್ನು ಕೋಶದೊಳಗೆಳೆದು ನಾಶಮಾಡುತ್ತದೆ. 2005ರಲ್ಲಿ ಡಿ6 ಇಲ್ಲದ ಇಲಿಗಳ ಚರ್ಮಕ್ಕೆ ಉರಿ ತರುವ ರಾಸಾಯನಿಕ ಸವರಿದಾಗ ಉರಿಯೂತ ಆರಲೇ ಇಲ್ಲ, ಮನುಷ್ಯರ ಸೋರಿಯಾಸಿಸ್ ಹೋಲುವ ಗಾಯಗಳೆದ್ದವು. ಬಸುರಿಯ ಮಾಸಿನಲ್ಲೂ ಡಿ6 ಹೇರಳ. ತಾಯಿಯ ಮೈಯ ಉರಿಯೂತ ಮಗುವಿನ ಕಡೆ ದಾಟದಂತೆ ಅದು ನೋಡಿಕೊಳ್ಳುತ್ತದೆ ಎಂದು ಇಲಿಗಳ ಪ್ರಯೋಗಗಳು ಸೂಚಿಸಿದವು. ಮೂರನೆಯದು ಸಿಎಕ್ಸ್‌ಸಿಆರ್7. 2008ರಲ್ಲಿ ಜೀಬ್ರಾ ಮೀನಿನ ಭ್ರೂಣದಲ್ಲಿ ಅದನ್ನು ನೋಡಿದವರು, ಮುಂದೆ ವೀರ್ಯ-ಅಂಡಾಣುಗಳಾಗಬೇಕಾದ ಕೋಶಗಳು ತಮ್ಮ ಜಾಗಕ್ಕೆ ಪಯಣಿಸುವಾಗ ಸುತ್ತಲಿನ ಹೆಚ್ಚುವರಿ ಕೀಮೊಕೈನನ್ನು ಇದು ಹೀರಿ ದಾರಿ ಸ್ಪಷ್ಟಗೊಳಿಸುತ್ತದೆ ಎಂದು ತೋರಿಸಿದರು. ಇದನ್ನು ಕಿತ್ತರೆ ಕೋಶಗಳು ಅಲೆದಾಡುತ್ತವೆ. ಹಲವು ಬಗೆಯ ಗಡ್ಡೆಗಳಲ್ಲೂ ಇದು ಹೆಚ್ಚಾಗಿ ಕಾಣುವುದರಿಂದ ಕ್ಯಾನ್ಸರ್ ಸಂಶೋಧಕರ ಕಣ್ಣು ಇದರ ಮೇಲಿದೆ. ನಾಲ್ಕನೆಯದು ದುಗ್ಧಗ್ರಂಥಿಯ ಅಂಚಿನಲ್ಲಿ ನಿಂತು ಕೀಮೊಕೈನ್‌ನ ಏರಿಳಿತ ಕಾಯುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ನಾಮಕರಣ ಸಮಿತಿ ಇವನ್ನೆಲ್ಲ ಒಂದೇ ಸೂರಿನಡಿ ತಂದು ‘ಅಸಾಮಾನ್ಯ ಕೀಮೊಕೈನ್ ಗ್ರಾಹಿಗಳು’ ಎಂದು ಕರೆಯಿತು. ಚಿಕ್ಕದಾಗಿ ಎಸಿಕೆಆರ್. ಪಟ್ಟಿಯಲ್ಲಿ ಒಂದನೆಯ ಸಂಖ್ಯೆ ಸಿಕ್ಕಿದ್ದು ಡಫಿಗೆ. ಡಿ6 ಎರಡಾಯಿತು, ಸಿಎಕ್ಸ್‌ಸಿಆರ್7 ಮೂರಾಯಿತು. ಮೂಕರೆನಿಸಿಕೊಂಡವರು ಆ ಹೊತ್ತಿಗೆ ನಿಯಂತ್ರಕರಾಗಿದ್ದರು.

ಇಷ್ಟರಲ್ಲಿ ಆಸ್ಪತ್ರೆಗಳ ಒಂದು ಹಳೆಯ ಗೊಂದಲಕ್ಕೂ ಡಫಿಯೇ ಉತ್ತರ ಕೊಟ್ಟಿತು. ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 1,500ಕ್ಕಿಂತ ಕಡಿಮೆಯಾದರೆ ವೈದ್ಯರು ಹುಬ್ಬೇರಿಸುತ್ತಾರೆ. ಆಫ್ರಿಕಾ ಮೂಲದ ಅನೇಕರಲ್ಲಿ ಯಾವ ರೋಗವೂ ಇಲ್ಲದೆ ಎಣಿಕೆ ಅದಕ್ಕಿಂತ ಕೆಳಗಿರುತ್ತದೆ. ಇದಕ್ಕೆ ‘ಜನಾಂಗೀಯ ನ್ಯೂಟ್ರೋಫಿಲ್ ಕೊರತೆ, ನಿರುಪದ್ರವಿ’ ಎಂಬ ಅಡ್ಡಾದಿಡ್ಡಿ ಹೆಸರಿಟ್ಟಿದ್ದರು. 2009ರಲ್ಲಿ ಡೇವಿಡ್ ರೀಚ್ ಮತ್ತು ಸಂಗಡಿಗರು ಕಾರಣ ಹುಡುಕುತ್ತಾ ಹೋಗಿ ನಿಂತದ್ದು ಅದೇ ಟಿ–ಸಿ ಅಕ್ಷರದ ಮುಂದೆ. 2017ರಲ್ಲಿ ಮ್ಯೂನಿಕ್ಕಿನ ಯೋಹಾನ್ ಡುಶೇನ್ ಮತ್ತು ಜೊತೆಗಾರರು ಕೆಲಸದ ರೀತಿಯನ್ನೂ ವಿವರಿಸಿದರು. ಮೂಳೆಮಜ್ಜೆಯಲ್ಲಿ ಎಳೆಯ ಕೆಂಪುಕಣಗಳ ಮೇಲಿನ ಡಫಿ ಪಕ್ಕದ ಮೂಲಕೋಶಗಳ ಬೆಳವಣಿಗೆಯನ್ನು ತಿದ್ದುತ್ತದೆ. ಅದಿಲ್ಲದಾಗ ಹುಟ್ಟುವ ನ್ಯೂಟ್ರೋಫಿಲ್‌ಗಳ ಗುಣ ಬೇರೆ, ಅವು ರಕ್ತದಲ್ಲಿ ನಿಲ್ಲದೆ ಬೇಗ ಅಂಗಾಂಶಗಳಿಗೆ ಸರಿಯುತ್ತವೆ. ಅಂದರೆ ಸೈನ್ಯ ಕಡಿಮೆಯಿಲ್ಲ, ರಕ್ತದಲ್ಲಿ ಎಣಿಸುವಾಗ ಮಾತ್ರ ಕಡಿಮೆ ಕಾಣುತ್ತದೆ. ಈ ಎಣಿಕೆಯಿಂದಾಗಿ ಅನೇಕರಿಗೆ ಕೀಮೋಥೆರಪಿಯ ಪ್ರಮಾಣ ತಗ್ಗಿಸಿದ್ದಾರೆ, ತೀವ್ರ ಮನೋರೋಗಕ್ಕೆ ಕೊಡುವ ಕ್ಲೋಜಪಿನ್ ನಿಲ್ಲಿಸಿದ್ದಾರೆ, ಮೂಳೆಮಜ್ಜೆಗೆ ಸೂಜಿ ಹಾಕಿದ್ದಾರೆ. ಕ್ಲೋಜಪಿನ್ ವಿಷಯದಲ್ಲಿ ಅಮೆರಿಕದ ಔಷಧ ಪ್ರಾಧಿಕಾರ 2015ರಲ್ಲಿ ಇಂಥವರಿಗೆ ಬೇರೆ ಮಿತಿ ಇಟ್ಟಿತು. ‘ಜನಾಂಗೀಯ’ ಎಂಬ ಮಾತು ಬಿಟ್ಟು ‘ಡಫಿ ಶೂನ್ಯಕ್ಕೆ ಸಂಬಂಧಿಸಿದ ಎಣಿಕೆ’ ಎನ್ನಬೇಕೆಂಬ ಬೇಡಿಕೆ ಈಚೆಗೆ ಗಟ್ಟಿಯಾಗಿದೆ. ನ್ಯಾಯವಾದ ಬೇಡಿಕೆ.

ವಿವಾದಗಳೂ ಉಳಿದಿವೆ. ಡಫಿ ಶೂನ್ಯ ಆಫ್ರಿಕಾದಲ್ಲಿ ಹಬ್ಬಿದ್ದು ವೈವ್ಯಾಕ್ಸ್‌ನ ಹೊಡೆತದಿಂದಲೋ, ಅಥವಾ ಅದು ಮೊದಲೇ ಹಬ್ಬಿದ್ದರಿಂದ ವೈವ್ಯಾಕ್ಸ್ ಒಳಬರಲಾಗಲಿಲ್ಲವೋ ಎಂದು 1984ರಲ್ಲಿ ಫ್ರಾಂಕ್ ಲಿವಿಂಗ್‌ಸ್ಟನ್ ಪ್ರಶ್ನಿಸಿದ್ದರು. 2014ರಲ್ಲಿ ಆಫ್ರಿಕಾದ ಕಾಡುಗೊರಿಲ್ಲ, ಚಿಂಪಾಂಜಿಗಳಲ್ಲಿ ವೈವ್ಯಾಕ್ಸ್‌ನ ಬಂಧುಗಳು ಸಿಕ್ಕ ಮೇಲೆ ತಕ್ಕಡಿ ಮೊದಲ ವಾದದ ಕಡೆ ವಾಲಿದೆ. ಡಫಿ ಶೂನ್ಯದವರಿಗೆ ಎಚ್‌ಐವಿ ತಗಲುವ ಅಪಾಯ ಸುಮಾರು 40% ಹೆಚ್ಚು ಎಂದು 2008ರಲ್ಲಿ ಸುನಿಲ್ ಅಹುಜಾ ಮೊದಲಾದವರು ಬರೆದರು, ಬೇರೆ ಗುಂಪುಗಳಿಗೆ ಆ ಸಂಬಂಧ ಕಾಣಲಿಲ್ಲ. ಎಲ್ಲಕ್ಕಿಂತ ದೊಡ್ಡ ಅಚ್ಚರಿ 2010ರಲ್ಲಿ ಮಡಗಾಸ್ಕರ್‌ನಿಂದ ಬಂತು, ಅಲ್ಲಿ ಡಫಿ ಶೂನ್ಯದವರಿಗೂ ವೈವ್ಯಾಕ್ಸ್ ಜ್ವರ ಬಂದಿತ್ತು. ಪರೋಪಜೀವಿ ಬೇರೆ ಬಾಗಿಲು ಕಂಡುಕೊಂಡಿತೇ? 2023ರ ಒಂದು ಅಧ್ಯಯನ ಹೇಳುವುದು ಬೇರೆ. ಶೂನ್ಯವೆನಿಸಿಕೊಂಡವರ ಮೂಳೆಮಜ್ಜೆಯ ಎಳೆಯ ಕಣಗಳಲ್ಲಿ ಡಫಿ ಸ್ವಲ್ಪ ಹೊತ್ತು ಕಾಣಿಸಿಕೊಂಡು ಮಾಯವಾಗುತ್ತದೆ. ಶೂನ್ಯವೂ ಪೂರ್ತಿ ಶೂನ್ಯವಲ್ಲ.

ಆಫ್ರಿಕಾದ ಈ ಕಥೆಗೂ ಕರ್ನಾಟಕಕ್ಕೂ ನಂಟು ಹಳೆಯದು. ಬೀಳಗಿ, ಬಾಗಲಕೋಟೆಗಳನ್ನು ಆಳಿದ ವಿಜಾಪುರದ ಆದಿಲಶಾಹಿಯಲ್ಲಿ ಹಬಶಿ ಸರದಾರರು ರಾಜ್ಯವನ್ನೇ ನಡೆಸಿದ್ದುಂಟು. ಬಾಲಕ ಎರಡನೆಯ ಇಬ್ರಾಹಿಮನ ಹೆಸರಿನಲ್ಲಿ 1580ರ ದಶಕದಲ್ಲಿ ಅಧಿಕಾರ ಹಿಡಿದ ದಿಲಾವರ ಖಾನ್, ಮುಹಮ್ಮದ್ ಆದಿಲಶಾಹನ ಮಂತ್ರಿ ಇಖ್ಲಾಸ್ ಖಾನ್, ಕೊನೆಗಾಲದ ಸಿದ್ದಿ ಮಸೂದ್ ಇವರೆಲ್ಲ ಆಫ್ರಿಕಾ ಮೂಲದವರು. ಹಬಶಿಗಳ ಬೇರು ಹೆಚ್ಚಾಗಿ ಇಥಿಯೋಪಿಯಾದ ಕಡೆಯದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ, ಜೋಯಿಡಾದ ಕಾಡಿನ ಸಿದ್ದಿಗಳ ದಾರಿ ಬೇರೆ. ಪೋರ್ಚುಗೀಸರ ಗೋವೆಗೆ ಹಡಗಿನಲ್ಲಿ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟ ಸೇರಿದವರ ವಂಶದವರು ಅವರಲ್ಲಿ ಬಹಳ. 2011ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕುಮಾರಸ್ವಾಮಿ ತಂಗರಾಜ್ ಮತ್ತು ಜೊತೆಗಾರರು ಕರ್ನಾಟಕ, ಗುಜರಾತದ ಸಿದ್ದಿಗಳ ಡಿಎನ್‌ಎ ಓದಿ, ಅವರ ಆಫ್ರಿಕನ್ ಮೂಲ ಬಂಟು ಭಾಷಿಕರದ್ದೆಂದೂ, ಸ್ಥಳೀಯರೊಡನೆ ಬೆರೆತದ್ದು ಕಳೆದ ಸುಮಾರು 200 ವರ್ಷಗಳಲ್ಲೆಂದೂ ತೋರಿಸಿದರು. ಬಂಟು ಜನರಲ್ಲಿ ಡಫಿ ಶೂನ್ಯದ ಅಕ್ಷರ ಬಹುತೇಕ ಎಲ್ಲರಲ್ಲೂ ಇದೆ. ಹಾಗಿದ್ದಮೇಲೆ ಆ ಹಡಗುಗಳಲ್ಲಿ ಅದೂ ಬಂದಿರಲೇಬೇಕು.

ಬಂದ ಮೇಲೆ ಏನಾಯಿತು ಎಂಬುದಕ್ಕೆ ಪಕ್ಕದ ಕರಾವಳಿಯ ಉದಾಹರಣೆ ಇದೆ. ಪಾಕಿಸ್ತಾನದ ಮಕ್ರಾನ್ ತೀರದ ಆಫ್ರಿಕಾ ಮೂಲದ ಜನರ ಮೇಲೆ 2017ರಲ್ಲಿ ನಡೆದ ಅಧ್ಯಯನ, ಸುಮಾರು 300 ವರ್ಷಗಳ ಹಿಂದೆ ಬಲೂಚಿಗಳೊಡನೆ ಬೆರೆತ ನಂತರವೂ ಡಫಿ ಶೂನ್ಯದ ತುಣುಕು ಮಾತ್ರ ನಿರೀಕ್ಷೆಗಿಂತ ಹೆಚ್ಚು ಉಳಿದುಕೊಂಡಿದೆ ಎಂದು ತೋರಿಸಿತು. ಪರಿಸರ ಅದನ್ನು ಆರಿಸಿ ಇಟ್ಟುಕೊಂಡಿದೆ. ಮೂರೇ ಶತಮಾನದಲ್ಲಿ ವಿಕಾಸ ಇಷ್ಟು ಕೆಲಸ ಮಾಡೀತು ಎನ್ನುವುದನ್ನು ಪಾಠಪುಸ್ತಕಗಳು ಇನ್ನೂ ಜೀರ್ಣಿಸಿಕೊಂಡಿಲ್ಲ.

ಉಳಿದ ಭಾರತೀಯರ ಕೆಂಪುಕಣಗಳಲ್ಲಿ ಡಫಿ ಸಾಮಾನ್ಯವಾಗಿ ಇದೆ, ಎ ಗುರುತು ಹೆಚ್ಚು. ಎ ಇರುವವರಿಗೆ ಪರೋಪಜೀವಿ ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ, ವೈವ್ಯಾಕ್ಸ್ ಅಪಾಯ ಸ್ವಲ್ಪ ಕಡಿಮೆ ಎಂದು 2011ರಲ್ಲಿ ಬ್ರೆಜಿಲ್‌ನ ರೋಗಿಗಳನ್ನು ನೋಡಿದವರು ಬರೆದರು. ಕಡಿಮೆ ಅಂದರೆ ಇಲ್ಲವೆಂದಲ್ಲ. ಕೃಷ್ಣೆಯ ಹಿನ್ನೀರಿನ ಅಂಚಿನ ಕಬ್ಬಿನ ಹೊಲದಲ್ಲಿ ದುಡಿಯುವವರ ಕೆಂಪುಕಣದ ಬಾಗಿಲು ವೈವ್ಯಾಕ್ಸ್‌ಗೆ ತೆರೆದೇ ಇದೆ. ಆ ಬಾಗಿಲಿಗೆ ಬೀಗ ಹಾಕಲು ನೋಡಿದವರಲ್ಲಿ ಮುಂಚೂಣಿಯಲ್ಲಿರುವವರು ಚೇತನ್ ಚಿಟ್ನಿಸ್. ಮಿಲ್ಲರ್ ಪ್ರಯೋಗಾಲಯದಲ್ಲಿ ಇದ್ದಾಗ 1994ರಲ್ಲಿ ಅವರು ಡಫಿಯನ್ನು ಹಿಡಿಯುವ ವೈವ್ಯಾಕ್ಸ್ ಪ್ರೋಟೀನಿನ ಭಾಗವನ್ನು ಗುರುತಿಸಿದರು, ಭಾರತಕ್ಕೆ ಮರಳಿ ದೆಹಲಿಯಲ್ಲಿ ಆ ಭಾಗವನ್ನೇ ಲಸಿಕೆಯಾಗಿ ಬೆಳೆಸಿದರು. 2010ರ ಇನ್ಫೋಸಿಸ್ ಪ್ರಶಸ್ತಿ ಅವರಿಗೆ ಸಂದಿತು. ಆಕ್ಸ್‌ಫರ್ಡ್‌ನಲ್ಲಿ ಈ ಲಸಿಕೆ ಪಡೆದ ಸ್ವಯಂಸೇವಕರ ರಕ್ತದಲ್ಲಿ ಪರೋಪಜೀವಿಯ ಬೆಳವಣಿಗೆ ಅರ್ಧದಷ್ಟು ನಿಧಾನವಾಯಿತು ಎಂದು 2023ರಲ್ಲಿ ವರದಿಯಾಯಿತು. ಪೂರ್ತಿ ತಡೆ ಇನ್ನೂ ದೂರ.

ಲಸಿಕೆ ಬರುವ ತನಕ ಕಾಯಬೇಕಿಲ್ಲದ ಕೆಲಸವೊಂದಿದೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಉತ್ತರ ಕನ್ನಡದ ಸಿದ್ದಿ ಜನ ಈಗ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಆಸ್ಪತ್ರೆಗಳಿಗೆ ಬರುತ್ತಾರೆ. ತಂದೆ-ತಾಯಿ ಇಬ್ಬರಿಂದಲೂ ಡಫಿ ಶೂನ್ಯದ ಅಕ್ಷರ ಪಡೆದವರ ನ್ಯೂಟ್ರೋಫಿಲ್ ಎಣಿಕೆ ಹುಟ್ಟಿನಿಂದಲೇ ಕಡಿಮೆ ಇರಬಹುದು. ಪ್ರಯೋಗಾಲಯದ ಚೀಟಿಯಲ್ಲಿ ಕೆಂಪು ಗುರುತು ಬಿದ್ದಾಗ ಔಷಧ ನಿಲ್ಲಿಸುವ ಮೊದಲು, ಮೂಳೆಮಜ್ಜೆಗೆ ಸೂಜಿ ಹಾಕುವ ಮೊದಲು, ಡಫಿ ಗುಂಪು ಒಮ್ಮೆ ನೋಡಿ. ಎ ಮತ್ತು ಬಿ ಗುರುತಿನ ಪ್ರತಿಕಾಯಗಳಿದ್ದರೆ ರಕ್ತನಿಧಿಯಲ್ಲೇ ಆಗುವ ಪರೀಕ್ಷೆ ಅದು. ಎಂಬಿಬಿಎಸ್ ಪಾಠದಲ್ಲಿ ಡಫಿಯನ್ನು ರಕ್ತಗುಂಪು, ಮಲೇರಿಯಾಗಳ ಒಂದು ಸಾಲಿನಲ್ಲಿ ಮುಗಿಸದೆ, ಬಿಳಿಕಣದ ಎಣಿಕೆಯ ಅಧ್ಯಾಯದಲ್ಲೂ ಹೇಳಿಕೊಡಲಿ.